ಮೆಟ್ಟಿಲು ಮೂರು, ಪಥ್ಯ ನಾಲ್ಕು: ದಾವಣಗೆರೆಯಲ್ಲಿ ಊಟದ ಹೋಟೆಲ್ ಆರಿಸುವ ಬಗೆ

ದಾವಣಗೆರೆಯಲ್ಲಿ ಎಲ್ಲಿ ತಿನ್ನಬೇಕು ಎಂದು ಕೇಳಿದರೆ ಈ ಊರಿನ ಯಾರೇ ಆದರೂ ಯೋಚಿಸದೆ ನಾಲ್ಕು ಹೋಟೆಲುಗಳ ಹೆಸರು ಹೇಳುತ್ತಾರೆ. ‘ಅಮ್ಮ ಗಾಲಿಕುರ್ಚಿಯಲ್ಲಿದ್ದಾರೆ, ಮಾವನವರಿಗೆ ಸಕ್ಕರೆ ಕಾಯಿಲೆ, ಮಗುವಿಗೆ ಶೇಂಗಾ ಆಗುವುದಿಲ್ಲ, ಎಲ್ಲಿಗೆ ಹೋಗೋಣ?’ ಎಂದು ಕೇಳಿದರೆ ಅದೇ ಜನ ತಡವರಿಸುತ್ತಾರೆ. ಕೆಲವು ತಿಂಗಳಿಂದ ಓದುಗರು ನನಗೆ ಕೇಳುತ್ತಿರುವುದು ಹೆಚ್ಚಾಗಿ ಇಂಥ ಪ್ರಶ್ನೆಗಳನ್ನೇ. ಅವರಲ್ಲಿ ಕೆಲವರು ಜಗಳೂರು, ಚನ್ನಗಿರಿ, ಹರಪನಹಳ್ಳಿಯ ಕಡೆಯಿಂದ ಇಲ್ಲಿನ ಆಸ್ಪತ್ರೆಗಳಿಗೆ ತಪಾಸಣೆಗೆಂದು ಬಂದು ಮಧ್ಯಾಹ್ನದ ಊಟಕ್ಕೆ ಜಾಗ ಹುಡುಕುವವರು. ಇನ್ನು ಕೆಲವರು ಮನೆಯ ಹಿರಿಯರ ಹುಟ್ಟುಹಬ್ಬವನ್ನು ಒಮ್ಮೆಯಾದರೂ ಹೊರಗೆ ಆಚರಿಸಬೇಕೆಂದು ಬಯಸಿಯೂ, ಅಲ್ಲಿ ಹೋಗಿ ಫಜೀತಿಯಾದೀತೆಂದು ಹಿಂಜರಿಯುತ್ತಿರುವವರು.

ಪಾರ್ಶ್ವವಾಯುವಾದ ಮೇಲೆ ನನ್ನ ತಾಯಿ ಗಾಲಿಕುರ್ಚಿ ಬಳಸುತ್ತಾರೆ. ತಂಗಿಯ ಮಗನಿಗೆ ಸೀಲಿಯಾಕ್ ಕಾಯಿಲೆಯಿದ್ದು, ಗೋಧಿಯ ಅಂಶ ಸ್ವಲ್ಪ ಹೋದರೂ ಅವನ ಕರುಳಿಗೆ ಹಾನಿಯಾಗುತ್ತದೆ. ಆದ್ದರಿಂದ ಹೋಟೆಲ್ ಎಂದರೆ ನಮ್ಮ ಮನೆಯಲ್ಲಿ ರುಚಿಗಿಂತ ಮೊದಲು ಅಳತೆಯ ಟೇಪಿನ ನೆನಪಾಗುತ್ತದೆ. ಇಲ್ಲಿ ಹೋಟೆಲುಗಳ ಹೆಸರು ಹೇಳಿ ಅಂಕ ಕೊಡಲು ನಾನು ಹೋಗುವುದಿಲ್ಲ. ಭಟ್ಟರು ಬದಲಾದರೆ ಹಿಟ್ಟಿನ ಪಾಕ ಬದಲಾಗುತ್ತದೆ, ಮಾಲೀಕರು ಬದಲಾದರೆ ಬಾಗಿಲೇ ಬದಲಾಗಬಹುದು. ಊರಿನಲ್ಲಿ ಸಿಗುವ ಹೋಟೆಲುಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಯಾವ ಬಗೆ ಯಾರಿಗೆ ಒಗ್ಗುತ್ತದೆ ಎಂಬುದನ್ನಷ್ಟೇ ತೂಗಿ ನೋಡುತ್ತೇನೆ.

ಯಾವುದನ್ನು ಮೊದಲು ನೋಡಬೇಕು

ಆಯ್ಕೆಗೆ ಮುನ್ನ ಒಂದು ಪ್ರಶ್ನೆಯನ್ನು ಮನೆಯಲ್ಲಿಯೇ ಇತ್ಯರ್ಥ ಮಾಡಿಕೊಳ್ಳಬೇಕು: ನಮ್ಮ ಅಗತ್ಯಗಳಲ್ಲಿ, ಹೋಟೆಲಿಗೆ ಹೋದ ಮೇಲೆ ಕೇಳಿ ಸರಿಪಡಿಸಿಕೊಳ್ಳಬಹುದಾದದ್ದು ಯಾವುದು, ಸರಿಪಡಿಸಲಾಗದ್ದು ಯಾವುದು? ಪಲ್ಯಕ್ಕೆ ಉಪ್ಪು, ಖಾರ ಕಡಿಮೆ ಮಾಡಿಸಬಹುದು, ಮೆಟ್ಟಿಲನ್ನು ಕಡಿಮೆ ಮಾಡಿಸಲಾಗದು. ಕಾಫಿಯನ್ನು ಸಕ್ಕರೆಯಿಲ್ಲದೆ ತರಿಸಿಕೊಳ್ಳಬಹುದು, ಆದರೆ ಬೆಳಗ್ಗೆಯೇ ರುಬ್ಬಿಟ್ಟ ಚಟ್ನಿಯಿಂದ ಶೇಂಗಾವನ್ನು ಹೆಕ್ಕಿ ತೆಗೆಯಲಾಗದು. ಸರಿಪಡಿಸಲಾಗದ್ದನ್ನು ಮೊದಲು ಹಿಡಿದು ಹೋಟೆಲ್ ಆರಿಸಿದರೆ ಉಳಿದದ್ದನ್ನು ಮಾತಿನಲ್ಲಿ ಬಗೆಹರಿಸಿಕೊಳ್ಳಬಹುದು. ಬಹಳಷ್ಟು ಮಂದಿ ರುಚಿ ಮತ್ತು ಬೆಲೆಯನ್ನು ನೋಡಿ ಆರಿಸಿ, ಬಾಗಿಲಿಗೆ ಬಂದ ಮೇಲೆ ಮೆಟ್ಟಿಲು ಎಣಿಸುತ್ತಾರೆ.

ಕಟ್ಟಡದ ವಿಷಯದಲ್ಲಿ ನೋಡಬೇಕಾದದ್ದು ಮೂರು: ಒಳಗೆ ಹೋಗುವ ದಾರಿ, ಕುಳಿತುಕೊಳ್ಳುವ ಮೇಜು, ಶೌಚಾಲಯ. ನಮ್ಮ ಹಳೆಯ ಪೇಟೆಯ ಅಂಗಡಿ ಸಾಲುಗಳಲ್ಲಿ ರಸ್ತೆಗೂ ಹೋಟೆಲಿಗೂ ನಡುವೆ ಚರಂಡಿ, ಅದರ ಮೇಲೊಂದು ಕಲ್ಲುಚಪ್ಪಡಿ, ಚಪ್ಪಡಿಯ ಮೇಲೆ ಎರಡೋ ಮೂರೋ ಮೆಟ್ಟಿಲು ಇರುತ್ತವೆ. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿರಬೇಕು. ಅಂದರೆ ಅರ್ಧ ಅಡಿ ಎತ್ತರದ ಒಂದು ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು, ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಆದ್ದರಿಂದ ‘ರ‍್ಯಾಂಪ್ ಇದೆ’ ಎಂಬ ಉತ್ತರವನ್ನು ನಂಬಿ ಹೊರಡಬೇಡಿ. ಸ್ಕೂಟರ್ ಏರಿಸಲೆಂದೋ ಸಿಲಿಂಡರ್ ಉರುಳಿಸಲೆಂದೋ ಹಾಕಿದ ಮೂರು ಅಡಿಯ ಸಿಮೆಂಟ್ ಇಳುಕಲಿನಲ್ಲಿ ಕುರ್ಚಿಯನ್ನು ಏರಿಸುವುದು ಕಷ್ಟ, ಇಳಿಸುವುದು ಅದಕ್ಕಿಂತ ಅಪಾಯ. ಬೇರೆ ದಾರಿಯೇ ಇಲ್ಲದಿದ್ದರೆ ಕುರ್ಚಿಯನ್ನು ಹಿಮ್ಮುಖವಾಗಿ ತಿರುಗಿಸಿ ಇಳಿಸಿ. ಕುಳಿತವರು ಮುಂದಕ್ಕೆ ಜಾರುವುದಿಲ್ಲ.

ಬಾಗಿಲಿನ ತೆರವು ಮೂರು ಅಡಿಯಿದ್ದರೆ ನೆಮ್ಮದಿ, ಎರಡೂವರೆ ಅಡಿಯಿದ್ದರೆ ಮಡಚುವ ಸಾಮಾನ್ಯ ಕುರ್ಚಿ ಕೈ ತರಚದೆ ಹೇಗೋ ಹಾಯುತ್ತದೆ. ಮುಂಬಾಗಿಲು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಎರಡು ಅಡಿಯ ಶೌಚಾಲಯದ ಬಾಗಿಲು. ಅದರೊಳಗೆ ಕುರ್ಚಿ ಒಮ್ಮೆ ಪೂರ್ತಿ ತಿರುಗಲು ಐದು ಅಡಿ ಸುತ್ತಳತೆಯಲ್ಲ, ಐದು ಅಡಿ ಅಗಲದ ಜಾಗ ಬೇಕು. ಕಮೋಡ್, ಅದರ ಪಕ್ಕದ ಗೋಡೆಗೆ ಗಟ್ಟಿಯಾದ ಹಿಡಿಕಂಬಿ ಬೇಕು. ನನ್ನ ಅನುಭವದಲ್ಲಿ ಊಟದ ಸಂತೋಷವನ್ನು ಕೆಡಿಸುವುದು ಮೆಟ್ಟಿಲಿಗಿಂತ ಹೆಚ್ಚಾಗಿ ಶೌಚಾಲಯವೇ. ಮೆಟ್ಟಿಲನ್ನು ಇಬ್ಬರು ಗಟ್ಟಿಗರು ಸೇರಿ ದಾಟಿಸಿಬಿಡುತ್ತಾರೆ. ಶೌಚಾಲಯವಿಲ್ಲವೆಂದು ಗೊತ್ತಿರುವ ಅಮ್ಮ ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಹೀಗೆ ಬಾಯಾರಿಕೊಂಡು ಹೋಟೆಲಿಗೆ ಬರುವ ಹೆಣ್ಣುಮಕ್ಕಳು ಎಷ್ಟು ಮನೆಗಳಲ್ಲಿದ್ದಾರೋ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೇಜಿನದು ಚಿಕ್ಕ ವಿಷಯವಾದರೂ ಹೇಳಬೇಕು. ನೆಲಕ್ಕೆ ಜಡಿದ ಬೆಂಚು ಮತ್ತು ಗ್ರಾನೈಟ್ ಮೇಜಿನ ಜೋಡಿಯಿದ್ದಲ್ಲಿ ಗಾಲಿಕುರ್ಚಿಯನ್ನು ಸೇರಿಸಲು ಜಾಗವಿಲ್ಲ. ಓಡಾಡುವ ಓಣಿಯ ತುದಿಯಲ್ಲಿ ಅವರೊಬ್ಬರನ್ನೇ ನಿಲ್ಲಿಸಬೇಕಾಗುತ್ತದೆ. ಬಿಡಿ ಕುರ್ಚಿಗಳಿದ್ದರೆ ಒಂದನ್ನು ಸರಿಸಿದರಾಯಿತು.

ಅಡುಗೆಮನೆಯ ವಿಷಯದಲ್ಲಿ ನೋಡಬೇಕಾದದ್ದು ಎರಡು. ಪದಾರ್ಥದಲ್ಲಿ ಏನೇನಿದೆ ಎಂಬುದು ಬಡಿಸುವವರಿಗೆ ಅಥವಾ ಮಾಡುವವರಿಗೆ ಗೊತ್ತಿದೆಯೇ? ಗೊತ್ತಿದ್ದರೆ, ಬೇರೆ ಪಾತ್ರೆಯಲ್ಲಿ, ಬೇರೆ ಹಂಚಿನಲ್ಲಿ ಮಾಡಿಕೊಡುವಷ್ಟು ಬಿಡುವು ಅವರಿಗಿದೆಯೇ? ಕೊನೆಯದು ಸಂವಹನ: ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಅಲ್ಲಿ ತಿಂಡಿ ಹೇಳುವ, ಹಣ ಕೊಡುವ ಕೆಲಸ ಸ್ವತಂತ್ರವಾಗಿ ಆಗುತ್ತದೆಯೇ ಎಂಬುದು.

ಬೆಣ್ಣೆದೋಸೆಯ ಹೋಟೆಲ್

ಹಳೆಯ ಬೆಣ್ಣೆದೋಸೆ ಹೋಟೆಲುಗಳ ಜಾಗ ಚಿಕ್ಕದು, ಜನ ಹೆಚ್ಚು, ಕುಳಿತವರ ಬೆನ್ನ ಹಿಂದೆಯೇ ಮುಂದಿನವರು ನಿಂತಿರುತ್ತಾರೆ. ಗಾಲಿಕುರ್ಚಿಯಲ್ಲಿರುವವರನ್ನು ಭಾನುವಾರ ಬೆಳಗ್ಗೆ ಅಲ್ಲಿಗೆ ಕರೆದೊಯ್ಯುವುದು ಯಾರಿಗೂ ಹಿತವಲ್ಲ. ವಾರದ ದಿನ, ಬೆಳಗಿನ ನೂಕುನುಗ್ಗಲು ಕರಗಿದ ಮೇಲೆ ಹೋದರೆ ಅದೇ ಹೋಟೆಲ್ ಬೇರೆಯೇ ಆಗಿರುತ್ತದೆ. ಆಗ ಸಪ್ಲೈಯರ್‌ಗೆ ನಿಮ್ಮ ಮಾತು ಕೇಳುವ ಪುರುಸೊತ್ತೂ ಇರುತ್ತದೆ.

ಪಥ್ಯದವರ ದೃಷ್ಟಿಯಿಂದ ಬೆಣ್ಣೆದೋಸೆ ತೋರಿದಷ್ಟು ಸರಳವಲ್ಲ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟು ಗೋಧಿರಹಿತವೇ ಹೌದು; ಆದರೆ ದೋಸೆ ಗರಿಗರಿಯಾಗಿ ಬಣ್ಣ ತಿರುಗಲೆಂದು ಕೆಲವೆಡೆ ಹಿಟ್ಟಿಗೆ ಒಂದಿಷ್ಟು ಮೈದಾ ಸೇರಿಸುತ್ತಾರೆ. ತಂಗಿಯ ಮಗನೊಂದಿಗೆ ಒಂದು ಹೋಟೆಲಿನಲ್ಲಿ ‘ಹಿಟ್ಟಿನಲ್ಲಿ ಗೋಧಿ ಇದೆಯೇ?’ ಎಂದು ಕೇಳಿದಾಗ ಸಿಕ್ಕ ಉತ್ತರ, ‘ಗೋಧಿ ಹಾಕಲ್ಲ ಸಾರ್, ಬರೀ ಮೈದಾ.’ ಹೇಳಿದವರು ಸುಳ್ಳು ಹೇಳಲಿಲ್ಲ. ಮೈದಾ, ರವೆ, ಶಾವಿಗೆಗಳೂ ಗೋಧಿಯೇ ಎಂಬುದು ನಮ್ಮ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ಗ್ಲುಟೆನ್ (ಸೀಲಿಯಾಕ್ ಇರುವವರಿಗೆ ಆಗದ, ಗೋಧಿಯಲ್ಲಿರುವ ಪ್ರೋಟೀನ್) ಎಂದು ಕೇಳಿದರೆ ಪ್ರಯೋಜನವಿಲ್ಲ. ಗೋಧಿ, ಮೈದಾ, ರವೆ, ಶಾವಿಗೆ ಎಂದು ಒಂದೊಂದನ್ನೇ ಹೆಸರಿಸಿ ಕೇಳಬೇಕು, ಕೊನೆಗೆ ಇಂಗನ್ನೂ ಕೇಳಬೇಕು. ಅಂಗಡಿಯಲ್ಲಿ ಸಿಗುವ ಕೂಟು ಇಂಗಿನಲ್ಲಿ ಅಸಲಿ ಇಂಗಿಗಿಂತ ಹಿಟ್ಟೇ ಹೆಚ್ಚು, ಅದು ಎಷ್ಟೋ ಸಲ ಮೈದಾ ಆಗಿರುತ್ತದೆ; ಹೀಗೆ ಸಾಂಬಾರಿನ ಒಗ್ಗರಣೆಯಲ್ಲಿ ಗೋಧಿ ಒಳಸೇರುತ್ತದೆ.

ಹಾಲಿನ ವಿಷಯದಲ್ಲಿ ಎರಡು ಬೇರೆಬೇರೆ ತೊಂದರೆಗಳನ್ನು ಜನ ಒಂದೆಂದು ತಿಳಿಯುತ್ತಾರೆ. ಹಾಲಿನ ಸಕ್ಕರೆ ಅರಗದವರಿಗೆ, ಅಂದರೆ ಹಾಲು ಕುಡಿದರೆ ಹೊಟ್ಟೆಯುಬ್ಬರ ಆಗುವವರಿಗೆ, ಬೆಣ್ಣೆ ಅಷ್ಟು ಕೆಡುಕು ಮಾಡುವುದಿಲ್ಲ. ಬೆಣ್ಣೆಯಲ್ಲಿ ಆ ಸಕ್ಕರೆ ಬಹಳ ಕಡಿಮೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರಿಗಾದರೋ ಒಂದೇ ಹಂಚಿನ ಮೇಲೆ ದಿನವಿಡೀ ಬೆಣ್ಣೆ ಸುರಿಯುವ ಈ ಹೋಟೆಲುಗಳಲ್ಲಿ ಸುರಕ್ಷಿತವಾದ ದೋಸೆಯೇ ಇಲ್ಲ. ‘ಬೆಣ್ಣೆ ಹಾಕದೆ ಕೊಡಿ’ ಎಂದರೂ ಹಂಚು ಅದೇ. ಅಂಥವರು ಈ ಆಯ್ಕೆಯನ್ನು ಕೈಬಿಡುವುದೇ ಲೇಸು. ಜೈನ ಪದ್ಧತಿಯವರಿಗೆ ಆಲೂಗಡ್ಡೆ ಪಲ್ಯ ಆಗದು, ಅದನ್ನು ಬಿಟ್ಟು ಖಾಲಿದೋಸೆ ಕೇಳಬಹುದು. ಆದರೆ ಚಟ್ನಿಗೆ ಬೆಳ್ಳುಳ್ಳಿ ಬಿದ್ದಿದೆಯೇ ಎಂದು ವಿಚಾರಿಸಿಯೇ ಮುಟ್ಟಬೇಕು.

ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೆ ಇಲ್ಲಿ ಒಂದು ಎಚ್ಚರಿಕೆ. ಊಟಕ್ಕೆ ಮುಂಚೆ ತೆಗೆದುಕೊಳ್ಳುವ ಚುಚ್ಚುಮದ್ದನ್ನು ಮನೆಯಲ್ಲಿ ತೆಗೆದುಕೊಂಡು ಇಲ್ಲಿಗೆ ಬಂದು ಮುಕ್ಕಾಲು ಗಂಟೆ ಕಾದರೆ ರಕ್ತದ ಸಕ್ಕರೆ ಕುಸಿಯುವ ಅಪಾಯವಿದೆ. ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ, ಚುಚ್ಚುಮದ್ದಿನ ಹೊತ್ತನ್ನು ವೈದ್ಯರನ್ನು ಕೇಳಿ ತಟ್ಟೆ ಬರುವ ಹೊತ್ತಿಗೆ ಹೊಂದಿಸಿಕೊಳ್ಳಿ.

ಖಾನಾವಳಿ

ಪಥ್ಯವೇ ಮುಖ್ಯವಾದವರಿಗೆ ನನ್ನ ಮೊದಲ ಒಲವು ರೊಟ್ಟಿ ಊಟದ ಖಾನಾವಳಿಯ ಕಡೆಗೆ. ಕಾರಣ ರುಚಿಯಲ್ಲ, ರೊಟ್ಟಿ ಬಡಿಯುವವರು ಎದುರಿಗೇ ಇರುತ್ತಾರೆ ಎಂಬುದು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರೂ ಅಡುಗೆ ಮಾಡಿದವರೂ ಒಬ್ಬರೇ ಆಗಿರುವ ಜಾಗ ಇದೊಂದೇ. ‘ಅಕ್ಕಾ, ಈ ಪಲ್ಯಕ್ಕೆ ಶೇಂಗಾ ಪುಡಿ ಹಾಕಿದ್ದೀರಾ?’ ಎಂದರೆ ಹೌದೋ ಅಲ್ಲವೋ ಎಂಬುದು ತಕ್ಷಣ ಗೊತ್ತಾಗುತ್ತದೆ. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೆ ಬೇರೆಯಾಗಿ ಒಂದು ಬೇಳೆ ಮಾಡಿಕೊಡುತ್ತೀರಾ ಎಂದು ಹಿಂದಿನ ದಿನವೇ ಕೇಳಿಕೊಂಡರೆ ಒಪ್ಪುವವರು ಬಹಳ.

ಜೋಳದಲ್ಲಿ ಗ್ಲುಟೆನ್ ಇಲ್ಲ, ಆದ್ದರಿಂದ ಸೀಲಿಯಾಕ್ ಇರುವವರಿಗೆ ಜೋಳದ ರೊಟ್ಟಿ ಸಹಜವಾದ ಊಟ. ಆದರೆ ಅದೇ ಹಲಗೆಯ ಮೇಲೆ ಚಪಾತಿಯನ್ನೂ ಲಟ್ಟಿಸಿ, ಅದೇ ಹಂಚಿನಲ್ಲಿ ಬೇಯಿಸುವಲ್ಲಿ ಗೋಧಿ ಹಿಟ್ಟಿನ ಧೂಳು ರೊಟ್ಟಿಗೂ ಅಂಟುತ್ತದೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಗ್ಲುಟೆನ್‌ರಹಿತ ಎನ್ನಿಸಿಕೊಳ್ಳಲು ಪದಾರ್ಥದ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು. ಒಂದು ಚಿಟಿಕೆ ಹಿಟ್ಟಿಗೂ ಈ ಮಿತಿಯನ್ನು ದಾಟುವ ಶಕ್ತಿಯಿದೆ. ಹನ್ನೆರಡು ಗಂಟೆಯ ಒಳಗೆ ಹೋಗಿ, ಚಪಾತಿ ಶುರುವಾಗುವ ಮುಂಚೆ ತೊಳೆದ ಹಂಚಿನ ಮೊದಲ ರೊಟ್ಟಿಗಳನ್ನು ಕೇಳುವುದು ನಾವು ಕಂಡುಕೊಂಡ ಉಪಾಯ. ಚಪಾತಿಯನ್ನೇ ಮಾಡದ ಖಾನಾವಳಿ ಸಿಕ್ಕರೆ ಅದನ್ನು ಬಿಡಬೇಡಿ. ಸಕ್ಕರೆ ಕಾಯಿಲೆಯವರಿಗೂ ಕಾಳುಪಲ್ಯ, ಸೊಪ್ಪು, ಹಸಿ ತರಕಾರಿಯೊಂದಿಗಿನ ರೊಟ್ಟಿ ಒಗ್ಗುತ್ತದೆ; ಆದರೆ ಜೋಳವೂ ಹಿಟ್ಟೇ ಎಂಬುದನ್ನು ಮರೆತು ನಾಲ್ಕನೆಯ ರೊಟ್ಟಿಗೆ ಕೈ ಹಾಕಬಾರದು. ರಕ್ತದೊತ್ತಡದವರು, ಮೂತ್ರಪಿಂಡದ ತೊಂದರೆಯವರು ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳನ್ನು ಬಿಟ್ಟರೆ ತಟ್ಟೆಯ ಉಪ್ಪು ಸಾಕಷ್ಟು ತಗ್ಗುತ್ತದೆ.

ಶೇಂಗಾ ಅಲರ್ಜಿಯಿರುವವರಿಗೆ ಮಾತ್ರ ಇದೇ ಖಾನಾವಳಿ ಅತ್ಯಂತ ಕಷ್ಟದ ಜಾಗ. ಚಳ್ಳಕೆರೆಯ ಎಣ್ಣೆಯ ಮಾರುಕಟ್ಟೆ ಹತ್ತಿರವಿರುವ ಈ ಸೀಮೆಯಲ್ಲಿ ಶೇಂಗಾ ಇಲ್ಲದ ಅಡುಗೆಯೇ ಅಪರೂಪ. ಚಟ್ನಿಯಲ್ಲಿ, ಎಣ್ಣೆಗಾಯಿಯ ಮಸಾಲೆಯಲ್ಲಿ, ಹೋಳಿಗೆಯಲ್ಲಿ, ಒಗ್ಗರಣೆಯಲ್ಲಿ, ಕೊನೆಗೆ ಎಣ್ಣೆಯಲ್ಲಿ ಅದು ಇದ್ದೇ ಇರುತ್ತದೆ. ಚೆನ್ನಾಗಿ ಸಂಸ್ಕರಿಸಿದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಬಹುಮಟ್ಟಿಗೆ ಉಳಿಯುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಈಚೆಗೆ ಗಾಣದ ಎಣ್ಣೆಯನ್ನು ಹೆಮ್ಮೆಯಿಂದ ಬೋರ್ಡಿನಲ್ಲಿ ಬರೆಸುವ ಖಾನಾವಳಿಗಳು ಉಳಿದವರಿಗೆ ಒಳ್ಳೆಯದಿರಬಹುದು, ಶೇಂಗಾ ಆಗದ ಮಗುವಿಗಲ್ಲ.

ಇಲ್ಲಿ ಪದದ ತೊಡಕೂ ಒಂದಿದೆ. ‘ಕಡಲೆ ಹಾಕಬೇಡಿ’ ಎಂದರೆ ಒಬ್ಬರು ಹುರಿಗಡಲೆ ಎಂದು ತಿಳಿಯುತ್ತಾರೆ, ಇನ್ನೊಬ್ಬರು ಕಡಲೆಹಿಟ್ಟು ಎಂದು, ಮತ್ತೊಬ್ಬರು ಕಡಲೆಬೀಜ ಎಂದು. ನಮ್ಮ ಕಡೆ ಶೇಂಗಾ ಎಂದರೆ ಯಾರಿಗೂ ಗೊಂದಲವಿಲ್ಲ, ಅದೇ ಪದ ಬಳಸಿ. ಅಲರ್ಜಿ ಎಂಬ ಪದವನ್ನೂ ಜನ ಮೈ ತುರಿಕೆ ಎಂದು ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ಶೇಂಗಾ ಬಾಯಿಗೆ ಹೋದರೆ ಮಗುವಿಗೆ ಉಸಿರು ಕಟ್ಟುತ್ತದೆ’ ಎಂದು ಹೇಳಿದಾಗ ಮಾತ್ರ ಸೌಟನ್ನು ತೊಳೆಯುವ ಯೋಚನೆ ಬರುತ್ತದೆ. ವೈದ್ಯರು ಬರೆದುಕೊಟ್ಟ ತುರ್ತು ಔಷಧ ಯಾವ ಹೋಟೆಲಿಗೆ ಹೋದರೂ ಜೊತೆಗಿರಬೇಕು.

ಕಟ್ಟಡದ ಲೆಕ್ಕದಲ್ಲಿ ಖಾನಾವಳಿ ಸೋಲುತ್ತದೆ. ಮನೆಯ ಮುಂಭಾಗವನ್ನೇ ಖಾನಾವಳಿ ಮಾಡಿಕೊಂಡಿರುವಲ್ಲಿ ಮೆಟ್ಟಿಲು, ಹೊಸ್ತಿಲು ಎರಡೂ ಇರುತ್ತವೆ. ಶೌಚಾಲಯ ಇದ್ದರೆ ಹಿತ್ತಲಿನಲ್ಲಿ, ಅದೂ ಕುಕ್ಕರಗಾಲಿನಲ್ಲಿ ಕೂರುವ ಬಗೆಯದು. ಊಟಕ್ಕೆ ಖರ್ಚು ಕಡಿಮೆ, ಕಾಳಜಿ ಹೆಚ್ಚು, ಕಟ್ಟಡ ದುರ್ಬಲ ಎಂದು ಲೆಕ್ಕ ಹಾಕಿಕೊಳ್ಳಿ.

ದರ್ಶಿನಿ ಮತ್ತು ಮಂಡಕ್ಕಿ-ಮಿರ್ಚಿ ಅಂಗಡಿ

ನಿಂತು ತಿನ್ನುವ ದರ್ಶಿನಿ ಊರುಗೋಲು ಹಿಡಿದವರಿಗೂ ಗಾಲಿಕುರ್ಚಿಯವರಿಗೂ ಹೇಳಿಸಿದ್ದಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಿಸಿ ಸಾಂಬಾರಿನ ತಟ್ಟೆ ಹಿಡಿದು ನಡೆಯುವುದು ಯಾರಿಗೂ ಬೇಡ. ಆದರೆ ಒಂದು ವಿಷಯದಲ್ಲಿ ಅದು ಹಳೆಯ ಹೋಟೆಲಿಗಿಂತ ಮೇಲು. ಗೋಡೆಯ ಮೇಲೆ ತಿಂಡಿಯ ಹೆಸರು, ಬೆಲೆ ಬರೆದಿರುತ್ತದೆ, ಗಲ್ಲಾದಲ್ಲಿ ಬೆರಳು ತೋರಿಸಿ ಚೀಟಿ ಪಡೆಯಬಹುದು. ಕಿವಿ ಕೇಳದವರು, ಮಾತು ಬಾರದವರು ಯಾರ ನೆರವೂ ಇಲ್ಲದೆ ತಿಂಡಿ ತಿಂದು ಬರಬಹುದು. ಹಳೆಯ ಹೋಟೆಲಿನಲ್ಲಿ ಸಪ್ಲೈಯರ್ ಒಂದೇ ಉಸಿರಿನಲ್ಲಿ ಒಪ್ಪಿಸುವ ಪಟ್ಟಿ ಅವರಿಗೆ ದಕ್ಕುವುದಿಲ್ಲ. ಕಣ್ಣು ಕಾಣದವರಿಗೆ ಲೆಕ್ಕ ತಿರುಗುಮುರುಗು: ಅವರಿಗೆ ಆ ಬಾಯಿಪಾಠದ ಪಟ್ಟಿಯೇ ವರ, ದರ್ಶಿನಿಯ ಬೋರ್ಡು ಬರೀ ಗೋಡೆ. ಮೇಜಿನ ಮೇಲೆ ಅಂಟಿಸಿದ ಕ್ಯೂಆರ್ ಕೋಡಿನ ಮೆನು ಬರಹದ ರೂಪದಲ್ಲಿದ್ದರೆ ಫೋನ್ ಅದನ್ನು ಓದಿ ಹೇಳುತ್ತದೆ. ಬಹಳಷ್ಟು ಕಡೆ ಅದು ಮೆನು ಕಾರ್ಡಿನ ಫೋಟೊ ಆಗಿರುವುದರಿಂದ ಓದುವ ತಂತ್ರಾಂಶಕ್ಕೆ ಏನೂ ಸಿಗುವುದಿಲ್ಲ. ಚಿಲ್ಲರೆಯ ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಮಣಿ ಎಂಬ ಆ್ಯಪ್ ಉಪಯೋಗಕ್ಕೆ ಬರುತ್ತದೆ.

ಮಂಡಕ್ಕಿ-ಮಿರ್ಚಿಯ ಗಾಡಿಗೆ ಮೆಟ್ಟಿಲೇ ಇಲ್ಲ. ಗಾಲಿಕುರ್ಚಿಯನ್ನು ನೇರವಾಗಿ ಬಾಣಲೆಯ ಪಕ್ಕಕ್ಕೆ ತಂದು ನಿಲ್ಲಿಸಬಹುದಾದ ಏಕೈಕ ಹೋಟೆಲ್ ಅದು ಎಂದು ನನ್ನ ತಾಯಿ ನಗುತ್ತಾರೆ. ಆದರೆ ಖಾರ ಮಂಡಕ್ಕಿಯಲ್ಲಿ ಶೇಂಗಾ ಇದೆ, ಮಿರ್ಚಿ ಕರಿದ ಎಣ್ಣೆಯಲ್ಲೇ ಮೈದಾದ ಪದಾರ್ಥವೂ ಕರಿದಿರುತ್ತದೆ, ಎಣ್ಣೆ ಎಷ್ಟು ಕಾದರೂ ಗ್ಲುಟೆನ್ ಸುಟ್ಟುಹೋಗುವುದಿಲ್ಲ. ಪಾರ್ಶ್ವವಾಯುವಿನ ನಂತರ ನುಂಗಲು ತೊಂದರೆಯಿರುವವರಿಗೆ ಒಣ ಮಂಡಕ್ಕಿ ಗಂಟಲಿಗೆ ಸಿಗುವ ಅಪಾಯವೂ ಇದೆ.

ಫ್ಯಾಮಿಲಿ ರೆಸ್ಟೋರೆಂಟ್, ವಸತಿಗೃಹದ ಹೋಟೆಲ್

ಪಿ.ಜೆ. ಬಡಾವಣೆ, ವಿದ್ಯಾನಗರ, ಹದಡಿ ರಸ್ತೆಯಂಥ ಕಡೆಗಳಲ್ಲಿ ಹೊಸದಾಗಿ ಎದ್ದಿರುವ ರೆಸ್ಟೋರೆಂಟುಗಳಲ್ಲಿ ಕಟ್ಟಡದ ಅನುಕೂಲ ಸಿಗುವ ಸಾಧ್ಯತೆ ಹೆಚ್ಚು. ಅದಕ್ಕೆ ಕಾನೂನಿನ ಒತ್ತಾಸೆಯೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವನ್ನೂ ಸಾರ್ವಜನಿಕ ಕಟ್ಟಡವೆಂದೇ ಪರಿಗಣಿಸುತ್ತದೆ, ಹಳೆಯ ಕಟ್ಟಡಗಳಿಗೆ ಸರಿಪಡಿಸಿಕೊಳ್ಳಲು 2017ರ ನಿಯಮಗಳಿಂದ ಐದು ವರ್ಷ ಕೊಟ್ಟಿತ್ತು. ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ ನವೆಂಬರ್ 2024ರಲ್ಲಿ ಹೇಳಿದೆ. ಕಾಯ್ದೆಯನ್ನು ಮೊದಲ ಸಲ ಮುರಿದರೆ 10,000 ರೂಪಾಯಿವರೆಗೆ ದಂಡವಿದೆ. ಹಸಿದ ಹೊತ್ತಿನಲ್ಲಿ ಕಾಯ್ದೆಯ ಪುಟ ತೋರಿಸಿ ಯಾರೂ ಊಟ ಮಾಡಲಾರರು. ಆದರೆ ಮಾಲೀಕರಿಗೆ ಇದು ಉಪಕಾರದ ವಿಷಯವಲ್ಲವೆಂದು ತಿಳಿದಿರುವುದು ಒಳ್ಳೆಯದು.

ಇಲ್ಲಿನ ಬಲೆ ಬೇರೆ. ‘ಫ್ಯಾಮಿಲಿಗೆ ಎಸಿ ಹಾಲ್ ಇದೆ’ ಎನ್ನುತ್ತಾರೆ, ಅದು ಮೊದಲ ಮಹಡಿಯಲ್ಲಿರುತ್ತದೆ, ಲಿಫ್ಟ್ ಇರುವುದಿಲ್ಲ. ಹಾಗೊಂದು ಕಡೆ ನಾವು ಹೋದಾಗ ಇಬ್ಬರು ಹುಡುಗರು ಕುರ್ಚಿಯ ಸಮೇತ ಅಮ್ಮನನ್ನು ಎತ್ತಿ ಕೊಂಡೊಯ್ಯಲು ಮುಂದಾದರು. ಅವರ ಮನಸ್ಸು ಒಳ್ಳೆಯದೇ. ಆದರೆ ಎಲ್ಲರೂ ತಿರುಗಿ ನೋಡುತ್ತಿರುವಾಗ ಎತ್ತಿಸಿಕೊಂಡು ಹೋಗಲು ಅಮ್ಮ ಒಪ್ಪಲಿಲ್ಲ, ನಾವು ಕೆಳಗಿನ ಕೈತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ ಕುಳಿತು ಉಂಡೆವು. ವಸತಿಗೃಹವಿರುವ ಹೋಟೆಲಾದರೆ ಲಿಫ್ಟ್, ಕಮೋಡ್ ಬಹುತೇಕ ಖಚಿತ. ಊಟದ ಹಾಲಿನ ಶೌಚಾಲಯ ಚಿಕ್ಕದಾಗಿದ್ದರೆ ನೆಲಮಹಡಿಯ ಖಾಲಿ ಕೋಣೆಯದನ್ನು ಬಳಸಲು ಕೇಳಬಹುದು, ನಮಗೆ ಒಮ್ಮೆಯೂ ಇಲ್ಲವೆಂದಿಲ್ಲ.

ಅಡುಗೆಯ ಲೆಕ್ಕದಲ್ಲಿ ಈ ಹೋಟೆಲುಗಳು ಖಾನಾವಳಿಗೆ ನೇರ ವಿರುದ್ಧ. ಗ್ರೇವಿಗಳು ಮೊದಲೇ ಸಿದ್ಧವಾಗಿರುತ್ತವೆ, ಅದರಲ್ಲಿ ಗೋಡಂಬಿ, ಕೆನೆ, ಈರುಳ್ಳಿ, ಬೆಳ್ಳುಳ್ಳಿ ಸೇರಿರುತ್ತವೆ. ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ, ಗೋಬಿ ಮಂಚೂರಿಗೆ ಮೈದಾ. ಆರ್ಡರ್ ಬರೆದುಕೊಳ್ಳುವವರಿಗೂ ಒಳಗಿನ ಅಡುಗೆಯವರಿಗೂ ನಡುವೆ ಮೂರು ಜನ, ಕೆಲವೊಮ್ಮೆ ಎರಡು ಭಾಷೆ. ಬಾಯಿಮಾತಿಗಿಂತ ಒಂದು ಚೀಟಿ ಬರೆದು, ಬೇಕಿದ್ದರೆ ಹಿಂದಿಯಲ್ಲೂ ಬರೆಸಿ, ಒಳಗೆ ಕಳಿಸುವುದು ಮೇಲು. ತಂದೂರಿ ಒಲೆಯದನ್ನು ಸೀಲಿಯಾಕ್ ಇರುವವರು ಮರೆತುಬಿಡಬೇಕು; ಬಿಳಿ ಅನ್ನ, ಮೊಸರು, ಇಂಗಿಲ್ಲದ ಬೇಳೆಯಂಥ ಸರಳವಾದದ್ದೇ ಕ್ಷೇಮ. ನುಂಗಲು ಕಷ್ಟವಿರುವವರಿಗೂ ತೆಳು ಸಾರಿಗಿಂತ ಚೆನ್ನಾಗಿ ಕಿವುಚಿದ ಮೊಸರನ್ನ ಸುಲಭ. ನೀರಿನಂಥ ಪದಾರ್ಥ ಅವರಿಗೆ ಶ್ವಾಸನಾಳಕ್ಕೆ ಹೋಗುವ ಭಯ ಹೆಚ್ಚು.

ದೇಶದಾದ್ಯಂತ ಶಾಖೆಗಳಿರುವ ಪಿಜ್ಜಾ, ಬರ್ಗರ್ ಅಂಗಡಿಗಳನ್ನು ನಾನು ಮೊದಲು ಗಣನೆಗೇ ತೆಗೆದುಕೊಂಡಿರಲಿಲ್ಲ. ಆದರೆ ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಮಳಿಗೆ ಇರುವ ಆಹಾರ ಸಂಸ್ಥೆಗಳು ಪ್ರತಿ ತಿನಿಸಿನ ಕ್ಯಾಲರಿಯನ್ನು ಮೆನುವಿನಲ್ಲಿ ತೋರಿಸಬೇಕು, ಶೇಂಗಾ, ಹಾಲು, ಮೊಟ್ಟೆ, ಸೋಯಾ, ಗೋಧಿಯಂಥ ಅಲರ್ಜಿಕಾರಕಗಳ ಮಾಹಿತಿ ಕೊಡಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ನಮ್ಮ ಊರಿನ ಹೋಟೆಲುಗಳಿಗೆ ಆ ಬಾಧ್ಯತೆಯಿಲ್ಲ. ಆದ್ದರಿಂದ ಶೇಂಗಾ ಅಲರ್ಜಿಯ ಮಗುವಿಗೆ, ಆರೋಗ್ಯಕರವಲ್ಲದ ಪಿಜ್ಜಾವೇ ಆರೋಗ್ಯಕರ ರೊಟ್ಟಿ ಊಟಕ್ಕಿಂತ ಸುರಕ್ಷಿತವಾಗುವ ವಿಚಿತ್ರ ಸಂದರ್ಭ ಉಂಟು.

ಹೆದ್ದಾರಿಯ ಹೋಟೆಲ್, ಮನೆಗೆ ತರಿಸುವ ಪಾರ್ಸೆಲ್

ಚಿತ್ರದುರ್ಗ, ದಾವಣಗೆರೆ, ಹರಿಹರದ ಉದ್ದಕ್ಕೂ ಹಾಯುವ 48ನೇ ಹೆದ್ದಾರಿಯ ಬದಿಯ ದೊಡ್ಡ ಹೋಟೆಲುಗಳಲ್ಲಿ ಜಾಗಕ್ಕೆ ಬರವಿಲ್ಲ. ಕಾರನ್ನು ಬಾಗಿಲಿಗೇ ತರಬಹುದು, ಒಳಗೆ ಬಿಡಿ ಕುರ್ಚಿಗಳಿರುತ್ತವೆ. ಗದ್ದಲ ಸಹಿಸದ ಆಟಿಸಂ ಇರುವ ಮಕ್ಕಳಿಗೆ ಮೂಲೆಯ ಮೇಜು ಸಿಗುತ್ತದೆ, ಎರಡು ಬಸ್ಸು ಒಟ್ಟಿಗೆ ಬಂದು ನಿಲ್ಲದಿದ್ದರೆ. ನನ್ನ ಆಕ್ಷೇಪ ಒಂದೇ: ಕಾರಿಲ್ಲದವರಿಗೆ ಆಟೋ ಬಾಡಿಗೆಯೇ ಊಟದಷ್ಟಾಗುತ್ತದೆ.

ಪಾರ್ಸೆಲ್ ತರಿಸುವುದನ್ನು ಸೋತವರ ಆಯ್ಕೆ ಎಂದು ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಡುಗೆ ಒಳ್ಳೆಯದು, ಕಟ್ಟಡ ಕೆಟ್ಟದ್ದು ಎಂಬಂಥ ಖಾನಾವಳಿಯ ರೊಟ್ಟಿಯನ್ನು ಗಾಜಿನ ಮನೆಯ ಕಡೆ ತೋಟಕ್ಕೋ ಕುಂದವಾಡ ಕೆರೆಯ ಏರಿಗೋ ಹೋಗುವಾಗ ಕಟ್ಟಿಸಿಕೊಂಡು ಹೋಗಿದ್ದೇವೆ. ಆದರೆ ಆ್ಯಪಿನ ಮೂಲಕ ತರಿಸುವಾಗ ‘ಶೇಂಗಾ ಬೇಡ’ ಎಂದು ಬರೆದ ಸೂಚನೆಯನ್ನು ಅಡುಗೆಯವರು ಓದಿದರೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಜೀವಕ್ಕೆ ಅಪಾಯವಾಗುವ ಅಲರ್ಜಿಯಿದ್ದರೆ ಫೋನಿನಲ್ಲಿ ಮಾತಾಡಿ, ತಾವೇ ಹೋಗಿ ತರಬೇಕು.

ಯಾರಿಗೆ ಯಾವುದು

ಮನೆಯವರೆಲ್ಲ ನಡೆದಾಡುವವರಾಗಿದ್ದು ಪಥ್ಯವಷ್ಟೇ ತೊಡಕಾಗಿದ್ದರೆ, ಕೈಯಲ್ಲಿ ಹಣ ಕಡಿಮೆಯಿದ್ದರೂ ಖಾನಾವಳಿಯಲ್ಲಿ ನೆಮ್ಮದಿಯಿಂದ ಉಣ್ಣಬಹುದು. ಶೇಂಗಾ ಅಲರ್ಜಿಯೊಂದೇ ಇದಕ್ಕೆ ಹೊರತು. ಗಾಲಿಕುರ್ಚಿಯೊಂದೇ ಪ್ರಶ್ನೆಯಾಗಿದ್ದು ಊಟ ಮುಗಿಸಿ ಒಂದು ಗಂಟೆಯೊಳಗೆ ಮನೆ ಸೇರುವವರಾದರೆ ಬಿಡುವಿನ ಹೊತ್ತಿನ ಬೆಣ್ಣೆದೋಸೆ ಹೋಟೆಲಿಗೂ ಹೋಗಬಹುದು. ಪರ ಊರಿನಿಂದ ಆಸ್ಪತ್ರೆಗೆ ಬಂದು ದಿನವಿಡೀ ಹೊರಗಿರಬೇಕಾದವರು ರುಚಿಯನ್ನು ಬದಿಗಿಟ್ಟು, ಸ್ವಲ್ಪ ಹೆಚ್ಚು ಹಣ ತೆತ್ತಾದರೂ, ಶೌಚಾಲಯ ಸರಿಯಿರುವ ವಸತಿಗೃಹದ ಹೋಟೆಲನ್ನೇ ಹಿಡಿಯಲಿ. ಅಷ್ಟು ಹಣ ಇಲ್ಲದಿದ್ದರೆ ಆಸ್ಪತ್ರೆಯ ಕ್ಯಾಂಟೀನ್ ಮೇಲು; ರುಚಿ ಏನೇ ಇರಲಿ, ಇಳಿಜಾರು, ಲಿಫ್ಟ್, ಶೌಚಾಲಯಗಳು ಅದೇ ಆವರಣದಲ್ಲಿರುತ್ತವೆ.

ಎರಡೂ ಕೂಡಿದ ನಮ್ಮಂಥ ಮನೆಗಳಿಗೆ ಕಟ್ಟಡದ ಕಡೆಯಿಂದ ಹೋಟೆಲ್ ಆರಿಸಿ, ಪಥ್ಯದ ಒಬ್ಬರಿಗೆ ಡಬ್ಬಿ ಒಯ್ಯುವುದೇ ಕೆಲಸ ಮಾಡಿದ ದಾರಿ. ಹೊರಗಿನ ತಿಂಡಿಗೆ ಅವಕಾಶವಿಲ್ಲ ಎಂಬ ಬೋರ್ಡು ಇರುವಲ್ಲಿಯೂ ಮ್ಯಾನೇಜರಿಗೆ ಮೊದಲೇ ಕಾಯಿಲೆಯ ವಿಷಯ ಹೇಳಿದರೆ ಬೇಡ ಎನ್ನುವುದಿಲ್ಲ. ಅಮ್ಮನ ಕಳೆದ ಹುಟ್ಟುಹಬ್ಬಕ್ಕೆ ಹಾಗೆಯೇ ಮಾಡಿದೆವು. ಅಂದು ನಮ್ಮ ಮೇಜಿಗೆ ಬಂದ ಹುಡುಗ ‘ಇವರಿಗೇನು ಬೇಕಂತೆ?’ ಎಂದು ನನ್ನನ್ನು ಕೇಳದೆ, ಸ್ವಲ್ಪ ಬಾಗಿ, ‘ಏನು ಕೊಡ್ಲಿ ಅಮ್ಮಾ?’ ಎಂದು ನೇರ ಅವರನ್ನೇ ಕೇಳಿದ. ಆ ಹೋಟೆಲಿಗೆ ಮತ್ತೆ ಹೋಗಲು ಅಮ್ಮ ಕೊಡುವ ಕಾರಣ ಅದೇ, ಲಿಫ್ಟ್ ಅಲ್ಲ.

ಹೊರಡುವ ಮುಂಚೆ ಫೋನ್ ಮಾಡುವವರಿಗೆ ಒಂದು ಮಾತು. ‘ಮೆಟ್ಟಿಲು ಇದೆಯೇ?’ ಎಂದು ಕೇಳಬೇಡಿ; ‘ಇಲ್ಲ ಸಾರ್, ಎರಡೇ’ ಎಂಬ ಉತ್ತರ ಬರುತ್ತದೆ. ರಸ್ತೆಯಿಂದ ಮೇಜಿನವರೆಗೆ ಒಟ್ಟು ಎಷ್ಟು ಮೆಟ್ಟಿಲು, ಊಟದ ಹಾಲ್ ಯಾವ ಮಹಡಿ, ಶೌಚಾಲಯದ ಬಾಗಿಲು ಎಷ್ಟು ಅಗಲ, ಒಳಗೆ ಕಮೋಡ್ ಇದೆಯೇ ಎಂದು ಎಣಿಕೆಯ ಪ್ರಶ್ನೆಗಳನ್ನೇ ಕೇಳಿ, ಮುಂಬಾಗಿಲಿನ ಮತ್ತು ಶೌಚಾಲಯದ ಒಂದೊಂದು ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತೆ ಕೋರಿ. ಆ ಫೋಟೊ ಹತ್ತು ನಿಮಿಷದಲ್ಲಿ ಬಂದರೆ ಸಾಮಾನ್ಯವಾಗಿ ನಾವು ಅಲ್ಲಿಗೇ ಹೋಗುತ್ತೇವೆ.